ತಿರುಗುವ ಶಾಫ್ಟು, ತಡೆಯುವ ಸೀಲು

(ಕೊಪ್ಪಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ಈ ಜಿಲ್ಲೆಯ ಶಾಲೆ ಮಕ್ಕಳಿಗೂ ಗೊತ್ತು. ಮುಂದಿನ ಒಂದು ವಾರ ‘ಸ್ಟಾಪ್‌ಲಾಗ್’ ಎಂಬ ಪದ ನಮ್ಮ ಚಹಾದಂಗಡಿಗಳ ಮಾತಾಯಿತು. ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸಿದರು. ಅದು ದೊಡ್ಡ ಕೆಲಸ, ಧೈರ್ಯದ ಕೆಲಸ. ಆದರೆ ನೀರು ತಡೆಯುವ ವಿದ್ಯೆಯ ಲೆಕ್ಕದಲ್ಲಿ ಗೇಟು ಸುಲಭದ ಪ್ರಕರಣ. ಗೇಟಿನ ಅಂಚಿಗೆ ಕೂಡಿಸಿದ ರಬ್ಬರು ನಿಂತಲ್ಲೇ ನಿಂತಿರುತ್ತದೆ; ನೀರೇ ಅದನ್ನು ಒತ್ತಿ ಕೂರಿಸುತ್ತದೆ. ನಿಂತ ಎರಡು ವಸ್ತುಗಳ ನಡುವಿನ ಸಂದು ಮುಚ್ಚುವುದಕ್ಕೆ ಒತ್ತಿದರೆ ಸಾಕು.

ಅದೇ ಅಣೆಕಟ್ಟೆಯ ಬುಡದಲ್ಲಿ, ಮುನಿರಾಬಾದಿನಲ್ಲಿ, 28 ಮೆಗಾವ್ಯಾಟಿನ ವಿದ್ಯುದಾಗಾರ ಇದೆ: ಎರಡು ಯಂತ್ರ ಒಂಬತ್ತೊಂಬತ್ತು ಮೆಗಾವ್ಯಾಟಿನವು, ಒಂದು ಹತ್ತರದ್ದು. ಅಲ್ಲಿ ಸಮಸ್ಯೆ ಬೇರೆ. ಟರ್ಬೈನು ನೀರಿನೊಳಗೆ ತಿರುಗಬೇಕು, ಜನರೇಟರು ಒಣಗಿದ್ದ ಕಡೆ ತಿರುಗಬೇಕು, ಎರಡನ್ನೂ ಒಂದೇ ಶಾಫ್ಟು ಜೋಡಿಸಬೇಕು. ಶಾಫ್ಟು ಹಾದುಹೋಗಲು ತೂತು ಬೇಕೇ ಬೇಕು. ಆ ತೂತಿನಲ್ಲಿ ಶಾಫ್ಟು ತಿರುಗಬೇಕು, ನೀರು ಬರಬಾರದು. ಒತ್ತಿದರೆ ಶಾಫ್ಟು ಬಿಗಿಯುತ್ತದೆ, ಸಡಿಲಿಸಿದರೆ ನೀರು ನುಗ್ಗುತ್ತದೆ. ಅಲ್ಲಿನ ಟರ್ಬೈನಿಗೆ ಹೇಗೋ ಹಾಗೆ ಕಾರಟಗಿಯ ಗದ್ದೆಯ ರೋಟವೇಟರಿಗೆ, ಕುಷ್ಟಗಿಯ ಕೊಳವೆಬಾವಿಯ ಮೋಟರಿಗೆ, ಎಡದಂಡೆ ಕಾಲುವೆ ಪಕ್ಕದ ಐದು ಎಚ್‌ಪಿ ಪಂಪಿಗೂ ಇದೇ ಕಥೆ. ದತ್ತಿ ಇಟ್ಟವರು ಯಂತ್ರದ ವಿಷಯವನ್ನು ಕನ್ನಡದಲ್ಲಿ ಹೇಳಬೇಕೆಂದು ಬಯಸಿದ್ದರಿಂದ, ನನ್ನ ಕೆಲಸದ ಬದುಕಿನ ಬಹುಭಾಗವನ್ನು ತೆಗೆದುಕೊಂಡ ಈ ಚಿಕ್ಕ ಉಂಗುರವನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಮೊದಲು ಒಂದು ಲೆಕ್ಕ. ಇಡೀ ವಿನ್ಯಾಸ ನಿಂತಿರುವುದು ಇದರ ಮೇಲೆ. ಶಾಫ್ಟಿಗೂ ಅದನ್ನು ಸುತ್ತಿದ ಸೀಲಿಗೂ ನಡುವೆ ಒಂದು ಸಂದು ಇದೆ, ಅದರಲ್ಲಿ ನೀರು ಅಥವಾ ಎಣ್ಣೆ ತುಂಬಿದೆ ಎಂದುಕೊಳ್ಳಿ. ಸಂದನ್ನು ಎರಡರಷ್ಟು ಮಾಡಿದರೆ ಆ ದ್ರವವನ್ನು ಕತ್ತರಿಸಿಕೊಂಡು ತಿರುಗುವ ಘರ್ಷಣೆ ಅರ್ಧಕ್ಕೆ ಇಳಿಯುತ್ತದೆ. ಸೋರಿಕೆ ಮಾತ್ರ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ, ಏಕೆಂದರೆ ಅದು ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ. ತಿರುಗಿಸಿ ನೋಡಿ: ಸಂದನ್ನು ಅರ್ಧ ಮಾಡಿದರೆ ಸೋರಿಕೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಘರ್ಷಣೆ ಬರೀ ಇಮ್ಮಡಿ. ಹಾಗಾಗಿ ಸಂದನ್ನು ಕಿರಿದು ಮಾಡುತ್ತಲೇ ಹೋಗುವುದು ಲಾಭದ ವ್ಯವಹಾರ. ಎಲ್ಲಿಯವರೆಗೆ? ಎರಡೂ ಮೈಗಳ ಒರಟುತನ ಒಂದನ್ನೊಂದು ತಾಗುವವರೆಗೆ. ತಾಗಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಘರ್ಷಣೆ ಜಿಗಿಯುತ್ತದೆ, ಕಾವು ಏರುತ್ತದೆ, ಸವೆತ ಶುರುವಾಗುತ್ತದೆ. ತಾಗುವುದಕ್ಕೆ ಸ್ವಲ್ಪ ಮೊದಲು, ಸುಮಾರು ಒಂದು ಮೈಕ್ರಾನು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು ದಪ್ಪದ ದ್ರವದ ಪೊರೆಯ ಮೇಲೆ ಸೀಲನ್ನು ತೇಲಿಸಿ ಇಡುವುದೇ ನಮ್ಮ ಕಸುಬು. ಪೂರ್ತಿ ಒಣಗಿದ ಸೀಲು ಬಾಳುವುದಿಲ್ಲ. ಸೀಲು ಬದುಕುವುದೇ ತಾನು ತಡೆಯುವ ನೀರಿನಿಂದ.

ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಹಳೆಯ ಗ್ಲ್ಯಾಂಡ್ ಪ್ಯಾಕಿಂಗ್ ಪಂಪುಗಳನ್ನು ನೋಡಬೇಕು. ಶಾಫ್ಟಿನ ಸುತ್ತ ಗ್ರೀಸು ಅಥವಾ ಗ್ರಾಫೈಟು ಹಚ್ಚಿದ ಹೆಣೆದ ಹಗ್ಗವನ್ನು ಉಂಗುರ ಉಂಗುರವಾಗಿ ತುಂಬಿ, ಎರಡು ಬೋಲ್ಟಿನಿಂದ ಅಮುಕುವ ವ್ಯವಸ್ಥೆ ಅದು. ಸರಿಯಾಗಿ ಕೂಡಿಸಿದ ಗ್ಲ್ಯಾಂಡು ನಿಮಿಷಕ್ಕೆ 40ರಿಂದ 60 ಹನಿ ಬಿಡಬೇಕು. ಅರವತ್ತು ಹನಿ ಎಂದರೆ ಸುಮಾರು 3 ಮಿಲಿಲೀಟರು. ದಿನವಿಡೀ ಓಡಿದರೂ ನಾಲ್ಕು ಲೀಟರಿನ ಮೇಲೆ ಚೂರು. ಕಾಲುವೆಯಿಂದ ಗದ್ದೆಗೆ ನೀರೆತ್ತುವವನಿಗೆ ಅದು ನಷ್ಟವೇ ಅಲ್ಲ. ಆದರೆ ಹನಿ ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ‘ಸೋರಾಕ ಹತ್ತೈತಿ’ ಎಂದು ಪಾನಾ ತಗೊಂಡು ಅರ್ಧ ಸುತ್ತು ಬಿಗಿ ಮಾಡುತ್ತಾರೆ. ಹನಿ ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಒಳಗೆ ಹಗ್ಗ ಒಣಗಿ, ಸುಟ್ಟು, ಗಟ್ಟಿಯಾಗಿ ಶಾಫ್ಟಿನ ಮೇಲಿನ ಸ್ಲೀವನ್ನು ಕೊರೆಯತೊಡಗುತ್ತದೆ. ಹತ್ತು ದಿನದ ಮೇಲೆ ಹನಿಯ ಬದಲು ಧಾರೆ ಬರುತ್ತದೆ. ಆಗ ಎಷ್ಟು ಬಿಗಿದರೂ ನಿಲ್ಲದು, ಏಕೆಂದರೆ ಹೊಸ ಹಗ್ಗಕ್ಕೆ ಕೂರಲು ನುಣುಪು ಮೈ ಉಳಿದಿಲ್ಲ. ನಮ್ಮ ಹಳ್ಳಿಗಳಲ್ಲಿ ಹಾಳಾದ ಗ್ಲ್ಯಾಂಡುಗಳಲ್ಲಿ ಬಹಳಷ್ಟು ಸವೆದು ಹಾಳಾದವಲ್ಲ, ಬಿಗಿದು ಹಾಳಾದವು. ಪಂಪಿನ ಜೊತೆ ಬರುವ ಕೈಪಿಡಿಯಲ್ಲಿ ಈ ಮಾತನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕು.

ಹಗ್ಗದ ನಂತರ ಬಂದದ್ದು ತೊಗಲು. ತೊಗಲು ನೀರು ಹಿಡಿದಿಡುತ್ತದೆ, ಮೆತ್ತಗಿದ್ದು ಆಕಾರಕ್ಕೆ ಬಗ್ಗುತ್ತದೆ. ಕಪಿಲೆಯಲ್ಲಿ ಬಾವಿ ನೀರೆತ್ತುತ್ತಿದ್ದ ನಮ್ಮ ಹಿರಿಯರಿಗೂ, ಆ ಚೀಲ ಹೊಲಿದುಕೊಟ್ಟ ಚರ್ಮದ ಕುಶಲಕರ್ಮಿಗಳಿಗೂ ಇದು ಚೆನ್ನಾಗಿ ಗೊತ್ತಿತ್ತು. ಯುರೋಪಿನಲ್ಲಿ ಇಂದಿನ ಆಯಿಲ್ ಸೀಲು ಹುಟ್ಟಿದ್ದೂ ಚರ್ಮ ಹದ ಮಾಡುವ ಕಾರ್ಖಾನೆಯ ಆಶ್ರಯದಲ್ಲೇ. ಆಸ್ಟ್ರಿಯಾದ ವಾಲ್ಟರ್ ಸಿಮ್ಮರ್ ರೂಪಿಸಿದ ತೊಗಲಿನ ಸೀಲನ್ನು ಜರ್ಮನಿಯ ಫ್ರಾಯ್ಡನ್‌ಬರ್ಗ್ ಎಂಬ ಚರ್ಮದ ಕಂಪನಿ 1930ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಲು ಹಿಡಿಯಿತು. ಅದೇ ದಶಕದಲ್ಲಿ ತೊಗಲಿನ ಜಾಗಕ್ಕೆ ಕೃತಕ ರಬ್ಬರು ಬಂತು. ಇವತ್ತು ಗಂಗಾವತಿಯ ಬಿಡಿಭಾಗದ ಅಂಗಡಿಯಲ್ಲಿ ‘ಆಯಿಲ್ ಸೀಲ್ ಕೊಡ್ರಿ’ ಎಂದಾಗ ಕೈಗೆ ಬರುವುದು ಅದರ ಮೊಮ್ಮಗ: ಹೊರಗೆ ಉಕ್ಕಿನ ಕವಚ, ಒಳಗೆ ರಬ್ಬರಿನ ತುಟಿ, ತುಟಿಯ ಹಿಂದೆ ಸಣ್ಣ ಸ್ಪ್ರಿಂಗಿನ ಬಳೆ.

ಈ ತುಟಿ ಶಾಫ್ಟನ್ನು ನೇರವಾಗಿ ಮುಟ್ಟಿ ನೀರು ತಡೆಯುತ್ತದೆ ಎಂದೇ ಬಹಳ ದಿನ ಎಲ್ಲರೂ ನಂಬಿದ್ದರು. 1957ರಲ್ಲಿ ಜ್ಯಾಗರ್ ಎಂಬ ಇಂಗ್ಲಿಷ್ ಸಂಶೋಧಕ, ಚೆನ್ನಾಗಿ ಕೆಲಸ ಮಾಡುವ ಸೀಲಿನ ತುಟಿಯ ಕೆಳಗೂ ಎಣ್ಣೆಯ ತೆಳು ಪೊರೆ ಇರುತ್ತದೆ ಎಂದು ತೋರಿಸಿದರು. ಹಾಗಿದ್ದರೆ ಆ ಪೊರೆ ಸೋರಿಹೋಗುವುದಿಲ್ಲ ಯಾಕೆ? ಉತ್ತರಕ್ಕೆ ಇನ್ನೂ ಕೆಲವು ದಶಕ ಬೇಕಾಯಿತು. ಹೊಸ ತುಟಿ ಮೊದಲ ಕೆಲವು ತಾಸು ಓಡಿದಾಗ ಅದರ ತುದಿ ಚೂರು ಸವೆದು, ರಬ್ಬರಿನ ಮೈಮೇಲೆ ಕಣ್ಣಿಗೆ ಕಾಣದ ಉಬ್ಬುತಗ್ಗುಗಳು ಏಳುತ್ತವೆ. ಶಾಫ್ಟು ತಿರುಗುವಾಗ ಇವು ಓರೆಯಾಗಿ ವಾಲಿ, ಒಳಗಿನಿಂದ ಹೊರಗೆ ಜಾರಬೇಕಿದ್ದ ಎಣ್ಣೆಯನ್ನು ಮರಳಿ ಒಳಗೇ ತಳ್ಳುತ್ತವೆ. ಸೀಲು ತಡೆಗೋಡೆಯಷ್ಟೇ ಅಲ್ಲ, ಅದೊಂದು ಅತಿ ಚಿಕ್ಕ ಪಂಪು. ಇದು ನಡೆಯುವುದಕ್ಕೆ ತುಟಿಯ ಎರಡು ಇಳಿಜಾರುಗಳು ಸಮನಾಗಿರಬಾರದು: ಎಣ್ಣೆಯ ಬದಿಯ ಕೋನ ಕಡಿದು, ಗಾಳಿಯ ಬದಿಯದು ನಿಧಾನದ್ದು. ನೀರು ತಡೆಯಲೆಂದು ಹಾಕಿದ ಸೀಲನ್ನು ಹಿಂದುಮುಂದಾಗಿ ಕೂಡಿಸಿದರೆ ಅದೇ ಪಂಪು ಹೊರಗಿನ ನೀರನ್ನು ಬೇರಿಂಗಿನ ಒಳಗೆ ಎಳೆದುಕೊಳ್ಳುತ್ತದೆ. ನೀರು ತಡೆಯಬೇಕಾದ ಕಡೆ ತುಟಿ ನೀರಿಗೆ ಮುಖ ಮಾಡಿರಬೇಕು, ಎಣ್ಣೆ ಉಳಿಸಬೇಕಾದ ಕಡೆ ಎಣ್ಣೆಗೆ. ಎರಡೂ ಬೇಕಿದ್ದಲ್ಲಿ ಎರಡು ಸೀಲು ಬೆನ್ನಿಗೆ ಬೆನ್ನು ಕೂಡಿಸಿ, ನಡುವೆ ಗ್ರೀಸು ತುಂಬಬೇಕು.

ಘರ್ಷಣೆ ಕಡಿಮೆ ಮಾಡಬೇಕು ಎಂದಾಗ ವಿದ್ಯಾರ್ಥಿಗಳು ಮೊದಲು ಯೋಚಿಸುವುದು ಕರೆಂಟು ಉಳಿಸುವುದನ್ನು. ಲೆಕ್ಕ ಹಾಕಿ ನೋಡೋಣ. 32 ಮಿಲಿಮೀಟರು ವ್ಯಾಸದ ಶಾಫ್ಟು, ಸುತ್ತಳತೆ ಸುಮಾರು 100 ಮಿಲಿಮೀಟರು. ತುಟಿ ಅದನ್ನು ಒಟ್ಟು 10 ನ್ಯೂಟನ್, ಅಂದರೆ ಹತ್ತಿರ ಹತ್ತಿರ ಒಂದು ಕೆಜಿ ಭಾರದಷ್ಟು ಒತ್ತುತ್ತಿದೆ. ಘರ್ಷಣಾಂಕ 0.3. ಶಾಫ್ಟು ನಿಮಿಷಕ್ಕೆ 2900 ಸುತ್ತು ತಿರುಗಿದರೆ ಅದರ ಮೈ ಸೆಕೆಂಡಿಗೆ 4.9 ಮೀಟರು ಓಡುತ್ತದೆ. ಗುಣಿಸಿದರೆ ಸುಮಾರು 15 ವ್ಯಾಟು. ಐದು ಎಚ್‌ಪಿ ಪಂಪು ಎಂದರೆ 3700 ವ್ಯಾಟು. ಅದರಲ್ಲಿ 15 ಶೇಕಡಾ ಅರ್ಧವೂ ಇಲ್ಲ. ಕರೆಂಟಿನ ಲೆಕ್ಕದಲ್ಲಿ ಇದನ್ನು ಮರೆತರೂ ನಡೆಯುತ್ತದೆ. ಆದರೆ ಆ 15 ವ್ಯಾಟು ಹುಟ್ಟುವ ಜಾಗ ನೋಡಿ. ತುಟಿ ಮುಟ್ಟುವ ಪಟ್ಟಿಯ ಅಗಲ 0.2 ಮಿಲಿಮೀಟರು, ಒಟ್ಟು ವಿಸ್ತೀರ್ಣ 20 ಚದರ ಮಿಲಿಮೀಟರು. ಚದರ ಸೆಂಟಿಮೀಟರಿನ ಲೆಕ್ಕಕ್ಕೆ ತಂದರೆ 75 ವ್ಯಾಟು. ಅಡುಗೆಮನೆಯ ಸಾವಿರ ವ್ಯಾಟಿನ, 18 ಸೆಂಟಿಮೀಟರು ಅಗಲದ ಕರೆಂಟ್ ಒಲೆಯ ತಟ್ಟೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಬರುವುದು ನಾಲ್ಕು ವ್ಯಾಟು ಮಾತ್ರ. ರಬ್ಬರಿನ ತುಟಿ ಅದರ ಹದಿನೆಂಟು ಹತ್ತೊಂಬತ್ತು ಪಟ್ಟು ಉರಿಯ ಮೇಲೆ ಕೂತಿರುತ್ತದೆ. ಸುತ್ತಲಿನ ಎಣ್ಣೆ ಅಥವಾ ನೀರು ಆ ಕಾವನ್ನು ಹೊತ್ತೊಯ್ಯದಿದ್ದರೆ ನೈಟ್ರೈಲ್ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅದರ ಮಿತಿ ಸುಮಾರು 100 ಡಿಗ್ರಿ. ವೈಟಾನ್ ಹಾಕಿದರೆ 200ರವರೆಗೆ ತಾಳುತ್ತದೆ, ಬೆಲೆಯೂ ಹಾಗೇ ಏರುತ್ತದೆ. ಪಿಟಿಎಫ್‌ಇ ಎಂಬ ಬಿಳಿ ಪ್ಲಾಸ್ಟಿಕ್ಕಿನ ಘರ್ಷಣೆ ಬಹಳ ಕಡಿಮೆ, ಆದರೆ ಅದಕ್ಕೆ ರಬ್ಬರಿನ ಪುಟಿತ ಇಲ್ಲ. ಶಾಫ್ಟು ಚೂರು ಅಲುಗಿದರೂ ಅದು ಹಿಂಬಾಲಿಸುವುದಿಲ್ಲ. ಹಾಗಾಗಿ ಕಡಿಮೆ ಘರ್ಷಣೆ ಎಂಬ ಗುರಿ ನಮ್ಮ ಪಂಪುಗಳಲ್ಲಿ ಸೀಲಿನ ಆಯುಷ್ಯದ ಪ್ರಶ್ನೆ, ಕರೆಂಟ್ ಬಿಲ್ಲಿನದಲ್ಲ.

ಇನ್ನೊಂದು ಮಾತನ್ನು ರಿಪೇರಿ ಅಂಗಡಿಯವರ ಮುಂದೆ ಹೇಳಲೇಬೇಕು. ಸೀಲು ಸಿಗದಿದ್ದಾಗ ತಿರುಗುವ ಶಾಫ್ಟಿಗೆ ಒಂದು ಬಿಗಿಯಾದ ಓ-ರಿಂಗ್ ಎಳೆದು ಕೂಡಿಸುವುದುಂಟು. ಎಳೆದು ಹಿಗ್ಗಿಸಿದ ರಬ್ಬರನ್ನು ಕಾಯಿಸಿದರೆ ಅದು ಸಡಿಲಾಗುತ್ತದೆ ಎಂದು ನಮಗೆಲ್ಲ ಅನಿಸುತ್ತದೆ. ನಡೆಯುವುದು ಉಲ್ಟಾ. 1805ರಲ್ಲಿ ಇಂಗ್ಲೆಂಡಿನ ಕೆಂಡಲ್ ಊರಿನ ಜಾನ್ ಗಾಫ್, ಕಣ್ಣು ಕಾಣದ ವಿಜ್ಞಾನಿ, ರಬ್ಬರಿನ ಪಟ್ಟಿಯ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಇದನ್ನು ಪ್ರಕಟಿಸಿದರು; ಆಮೇಲೆ ಜೂಲ್ ಅದನ್ನು ಅಳೆದರು. ಹಿಗ್ಗಿದ ರಬ್ಬರು ಕಾದಾಗ ಕುಗ್ಗುತ್ತದೆ. ಶಾಫ್ಟಿನ ಮೇಲಿನ ಓ-ರಿಂಗ್ ಉಜ್ಜಿ ಕಾದಷ್ಟೂ ಬಿಗಿಯುತ್ತದೆ, ಬಿಗಿದಷ್ಟೂ ಕಾಯುತ್ತದೆ, ಸ್ವಲ್ಪ ಹೊತ್ತಿಗೆ ತುಂಡಾಗುತ್ತದೆ. ಓ-ರಿಂಗನ್ನೇ ಬಳಸಬೇಕಾಗಿ ಬಂದರೆ ಅದು ಶಾಫ್ಟಿಗಿಂತ ಚೂರು ದೊಡ್ಡದಿರಬೇಕು, ಹೊರಗಿನ ತೋಡು ಅದನ್ನು ಒಳಕ್ಕೆ ಅಮುಕಿ ಹಿಡಿಯಬೇಕು.

ಈಗ ನಮ್ಮ ಗದ್ದೆಗೆ ಇಳಿಯೋಣ. ಗಂಗಾವತಿ, ಕಾರಟಗಿ ಭಾಗಕ್ಕೆ ನೀರು ಮೊದಲು ಬಂದದ್ದು ಯಾವ ಶಾಫ್ಟೂ ಇಲ್ಲದೆ. ವಿಜಯನಗರ ಕಾಲದ ಕಾಲುವೆಗಳಲ್ಲಿ ನೀರು ಇಳಿಜಾರು ಹಿಡಿದು ತಾನೇ ಹರಿಯಿತು. 1953ರಲ್ಲಿ ಅಣೆಕಟ್ಟೆಯ ನೀರು ಕಾಲುವೆಗೆ ಬಂದಾಗಲೂ ಹಾಗೇ. ಶಾಫ್ಟುಗಳು ಬಂದದ್ದು ಟ್ರ್ಯಾಕ್ಟರಿನ ಜೊತೆ. ನಾಟಿಗೆ ಮೊದಲು ನೀರು ನಿಲ್ಲಿಸಿ, ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರು, ರೋಟವೇಟರು ಇಳಿಸಿ ಕೆಸರು ಮಾಡುವ ಆ ಕೆಲವು ವಾರ, ಜಗತ್ತಿನ ಯಾವ ಸೀಲಿಗೂ ಕಠಿಣ ಪರೀಕ್ಷೆ. ರೋಟವೇಟರಿನ ರೋಟರು ನಿಮಿಷಕ್ಕೆ 200 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ವೇಗ ಕಡಿಮೆ, ಆದ್ದರಿಂದ ಕಾವಿನ ಚಿಂತೆ ಇಲ್ಲ. ಆದರೆ ಸೀಲು ಪೂರ್ತಿ ರಾಡಿಯಲ್ಲಿ ಮುಳುಗಿ ತಿರುಗುತ್ತದೆ, ಮತ್ತು ಹಿಂದಿನ ಬೆಳೆಯ ಹುಲ್ಲು ರೋಟರಿನ ತುದಿಗೆ ಸುತ್ತಿಕೊಳ್ಳುತ್ತದೆ. ನೆಲ್ಲಿನ ಹುಲ್ಲಿನಲ್ಲೂ ಉಮಿಯಲ್ಲೂ ಸಿಲಿಕಾ ತುಂಬಿದೆ; ಉಮಿ ಸುಟ್ಟ ಬೂದಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದೇ. ಸುತ್ತಿಕೊಂಡ ಹುಲ್ಲು ಬಿಗಿದು, ಒದ್ದೆಯ ಮಣ್ಣನ್ನು ಹಿಡಿದು, ತುಟಿಯ ಕೆಳಗೆ ನುಗ್ಗುತ್ತದೆ.

ಬಾಗಿಲಿಗೆ ಬಂದ ರೋಟವೇಟರನ್ನು ಬಿಚ್ಚಿದಾಗ ಕಾಣುವ ದೃಶ್ಯವನ್ನು ಇಲ್ಲಿರುವ ಮಿಸ್ತ್ರಿಗಳು ನನಗಿಂತ ಚೆನ್ನಾಗಿ ಬಲ್ಲರು. ಗೇರ್‌ಬಾಕ್ಸಿನ ಎಣ್ಣೆ ಬೆಳ್ಳಗೆ ನೊರೆಯಾಗಿರುತ್ತದೆ, ಅಂದರೆ ನೀರು ಸೇರಿದೆ. ಬೇರಿಂಗಿನ ಗುಂಡುಗಳ ಮೇಲೆ ಕಂದು ಚುಕ್ಕೆ. ಸೀಲಿನ ತುಟಿ ನೋಡಲು ಚೆನ್ನಾಗೇ ಇರುತ್ತದೆ. ಉಗುರು ಆಡಿಸಿದರೆ ಶಾಫ್ಟಿನ ಮೇಲೆ ಒಂದು ಗೀರು ಸಿಗುತ್ತದೆ. ಮೆತ್ತನೆ ರಬ್ಬರು ಉಕ್ಕನ್ನು ಸವೆಸಿದೆ. ನಿಜವಾಗಿ ಸವೆಸಿದ್ದು ರಬ್ಬರಲ್ಲ, ರಬ್ಬರಿನಲ್ಲಿ ಚುಚ್ಚಿಕೊಂಡು ಕೂತ ಮರಳಿನ ಕಣ. ಬೆಣಚುಕಲ್ಲಿನ ಕಣ 45 ರಾಕ್‌ವೆಲ್ ಗಡಸಿನ ಶಾಫ್ಟಿಗಿಂತ ಗಟ್ಟಿ. ಇಲ್ಲಿ ಹೊಸ ಸೀಲು ಹಾಕಿ ಕಳಿಸಿದರೆ ಎಂಟು ದಿನಕ್ಕೆ ವಾಪಸ್. ‘ಏನ್ರೀ, ಹೊಸಾ ಸೀಲ್ ಹಾಕೀವಿ ಅಂತೀರಿ, ಮತ್ತ ಅದ ಹಾಡು’ ಎಂದು ರೈತರು ಬೈಯುವುದು ಸೀಲನ್ನು, ಹಾಳಾದದ್ದು ಶಾಫ್ಟು.

ಶಾಫ್ಟನ್ನು ಸರಿಮಾಡುವ ರೀತಿಯಲ್ಲೂ ಒಂದು ಗುಟ್ಟಿದೆ. ಗೀರು ಬಿದ್ದ ಜಾಗಕ್ಕೆ ವೆಲ್ಡಿಂಗ್ ತುಂಬಿ, ಲೇತಿಗೆ ಹಾಕಿ, ಎಮರಿ ಪೇಪರನ್ನು ಅತ್ತಿತ್ತ ಆಡಿಸುತ್ತ ಹೊಳಪು ಮಾಡುತ್ತಾರೆ. ಹೊಳಪು ಚೆನ್ನಾಗಿ ಬರುತ್ತದೆ, ಆದರೆ ಪೇಪರು ಪಕ್ಕಕ್ಕೆ ಸರಿದ ಪ್ರತಿ ಸಲ ಶಾಫ್ಟಿನ ಮೇಲೆ ಸೂಕ್ಷ್ಮವಾದ ಸುರುಳಿ ಗೆರೆ ಉಳಿಯುತ್ತದೆ. ಅದು ಸ್ಕ್ರೂವಿನ ಕೆಲಸ ಮಾಡುತ್ತದೆ: ಒಂದು ದಿಕ್ಕಿಗೆ ತಿರುಗಿದರೆ ಎಣ್ಣೆಯನ್ನು ಹೊರಗೆ ಸಾಗಿಸುತ್ತದೆ, ಇನ್ನೊಂದು ದಿಕ್ಕಿಗೆ ತಿರುಗಿದರೆ ನೀರನ್ನು ಒಳಗೆ. ಇದನ್ನು ಪತ್ತೆ ಹಚ್ಚಲು ಯಾವ ದುಬಾರಿ ಯಂತ್ರವೂ ಬೇಡ. ಶಾಫ್ಟನ್ನು ಲೇತಿನಲ್ಲಿ ಅಡ್ಡವಾಗಿ ಹಿಡಿದು, ತೆಳುವಾಗಿ ಎಣ್ಣೆ ಸವರಿ, ಒಂದು ಹೊಲಿಗೆ ದಾರವನ್ನು ಅದರ ಮೇಲೆ ಇಳಿಬಿಟ್ಟು, ತುದಿಗೆ ಸಣ್ಣ ತೂಕ ಕಟ್ಟಿ, ನಿಧಾನವಾಗಿ ತಿರುಗಿಸಿ. ದಾರ ಇದ್ದಲ್ಲೇ ಇದ್ದರೆ ಶಾಫ್ಟು ಸರಿ. ಅದು ಪಕ್ಕಕ್ಕೆ ನಡೆಯತೊಡಗಿತು, ದಿಕ್ಕು ಬದಲಿಸಿದಾಗ ಹಿಂದಕ್ಕೆ ನಡೆಯಿತು ಎಂದರೆ ಸುರುಳಿ ಇದೆ. ಆಗ ಪಕ್ಕಕ್ಕೆ ಸರಿಸದೆ ನೇರ ಒಳಕ್ಕೆ ಮಾತ್ರ ಒತ್ತಿ ಗ್ರೈಂಡಿಂಗ್ ಮಾಡಿಸಬೇಕು. ಮೈಯ ಒರಟು 0.2ರಿಂದ 0.8 ಮೈಕ್ರಾನಿನ ಒಳಗಿರಬೇಕು. ಅದಕ್ಕಿಂತ ನುಣುಪಾದರೂ ಕಷ್ಟವೇ, ಎಣ್ಣೆಯ ಪೊರೆ ನಿಲ್ಲಲು ಹಿಡಿತ ಇರುವುದಿಲ್ಲ. ಗ್ರೈಂಡಿಂಗಿಗೆ ಅನುಕೂಲ ಇಲ್ಲದಿದ್ದರೆ ಶಾಫ್ಟಿನ ಮೇಲೆ ತೆಳುವಾದ ಸ್ಟೇನ್‌ಲೆಸ್ ಸ್ಲೀವು ತೊಡಿಸುವುದು ಒಳ್ಳೆಯದು.

ಕೆಸರಿಗೆಂದೇ ಹುಟ್ಟಿದ ಎರಡು ವಿನ್ಯಾಸಗಳಿವೆ. ಒಂದು ಕ್ಯಾಸೆಟ್ ಸೀಲು. ಅದು ತನ್ನ ಸ್ಲೀವನ್ನು ತಾನೇ ಹೊತ್ತು ತರುತ್ತದೆ. ತುಟಿ ಉಜ್ಜುವುದು ಶಾಫ್ಟಿನ ಮೇಲಲ್ಲ, ಕ್ಯಾಸೆಟ್ಟಿನ ಒಳಗಿನ ನುಣುಪು ಉಕ್ಕಿನ ಮೇಲೆ. ಮುಖ್ಯ ತುಟಿಗೆ ಮುಂಚೆ ಎರಡು ಮೂರು ಅಡ್ಡ ತುಟಿಗಳ ಡೊಂಕು ದಾರಿ, ಅದರ ತುಂಬ ಗ್ರೀಸು. ನಮ್ಮ ಹಳೆ ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆ ಗುಂಬದ ಬಾಯಲ್ಲಿ ಕಪ್ಪಗೆ ಗಟ್ಟಿಯಾಗಿ ಧೂಳು ತಡೆಯುತ್ತಿದ್ದದ್ದು ಇದೇ ತತ್ವದ ಮೇಲೆ. ಎರಡನೆಯದು ಲೋಹದ ಮುಖದ ಸೀಲು, 1950ರ ದಶಕದಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿ ಚೈನು ಬುಲ್ಡೋಜರುಗಳ ರೋಲರಿಗೆಂದು ರೂಪಿಸಿದ ಬಗೆ. ಗಡಸು ಎರಕದ ಎರಡು ಉಂಗುರ ಎದುರುಬದುರು; ಹಿಂದೆ ಒಂದೊಂದು ದಪ್ಪ ರಬ್ಬರಿನ ಬಳೆ ಅವನ್ನು ಒತ್ತಿಹಿಡಿಯುತ್ತದೆ. ನನಗೆ ಈ ಸೀಲಿನ ಮೇಲೆ ವಿಶೇಷ ಪ್ರೀತಿ. ಯಾಕೆಂದರೆ ಇದರ ಮುಖ ಪೂರ್ತಿ ಚಪ್ಪಟೆ ಅಲ್ಲ, ಒಳಬದಿಗೆ ಚೂರು ಇಳಿಜಾರು. ಮುಟ್ಟುವುದು ಹೊರ ಅಂಚಿನ ತೆಳು ಪಟ್ಟಿ ಮಾತ್ರ. ಮಣ್ಣು ಅದನ್ನು ಸವೆಸಿದಂತೆ ಪಟ್ಟಿ ನಿಧಾನವಾಗಿ ಒಳಕ್ಕೆ ಸರಿಯುತ್ತದೆ, ಹೊಸ ಮೈ ತಾನಾಗಿ ಕೆಲಸಕ್ಕೆ ಬರುತ್ತದೆ. ಸವೆಯುವುದನ್ನು ತಪ್ಪಿಸಲಾಗದು ಎಂದು ಒಪ್ಪಿಕೊಂಡು, ಸವೆತವನ್ನೇ ವಿನ್ಯಾಸದೊಳಗೆ ತಂದ ಬುದ್ಧಿವಂತಿಕೆ ಅದು. ವೇಗ ಹೆಚ್ಚಿದರೆ ಲೋಹದ ಮುಖ ಕಾಯುತ್ತದೆ. 200 ಸುತ್ತಿಗೆ ಯಾವ ತೊಂದರೆಯೂ ಇಲ್ಲ. ನೀರು ನಿಂತ ಗದ್ದೆಯಲ್ಲಿ ಓಡಿಸುವ ರೋಟವೇಟರು ಕೊಳ್ಳುವಾಗ ಬಣ್ಣ ನೋಡುವ ಮೊದಲು ಸೀಲು ಯಾವುದು ಎಂದು ಕೇಳಿ.

ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಕೆಸರಿಲ್ಲ, ಕಾಲುವೆಯಿಲ್ಲ. ಕೃಷ್ಣೆಯ ನೀರು ತರುವ ಕೊಪ್ಪಳ ಏತ ನೀರಾವರಿಯ ಮೇಲೆ ಕಣ್ಣಿಟ್ಟು ಕೂತ ಎರೆ, ಮಸಾರಿ ಹೊಲಗಳು. ಅಲ್ಲಿ ಬದುಕು ನಿಂತಿರುವುದು ಕೊಳವೆಬಾವಿಯ ಮೇಲೆ. ಮೋಟರು ಮತ್ತು ಪಂಪು ಎರಡೂ ನೀರಿನೊಳಗೆ. ಮೋಟರಿನ ಮೇಲೆ 100 ಮೀಟರು ನೀರು ನಿಂತಿದ್ದರೆ ಶಾಫ್ಟಿನ ಸೀಲಿನ ಮೇಲಿನ ಒತ್ತಡ 10 ಬಾರ್, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 10 ಕೆಜಿ. ಸಾಮಾನ್ಯ ಆಯಿಲ್ ಸೀಲು ತಾಳುವುದು ಅರ್ಧ ಬಾರ್. ಒತ್ತಡ ಹೆಚ್ಚಾದಂತೆ ತುಟಿ ಶಾಫ್ಟಿಗೆ ಒತ್ತಿಕೊಂಡು ಸುಟ್ಟುಹೋಗುತ್ತದೆ. ಈ ಲೆಕ್ಕ ನೋಡಿದರೆ ಕೊಳವೆಬಾವಿಯ ಮೋಟರು ಒಂದು ದಿನವೂ ಓಡಬಾರದು. ಓಡುತ್ತಿದೆ. ಹೇಗೆ?

ಒಳಗೂ ನೀರು ತುಂಬಿದ್ದರಿಂದ. ನಮ್ಮ ಬಹುಪಾಲು ಸಬ್‌ಮರ್ಸಿಬಲ್ ಮೋಟರುಗಳನ್ನು ಇಳಿಸುವ ಮೊದಲು ಶುದ್ಧ ನೀರು ತುಂಬುತ್ತಾರೆ. ವೈಂಡಿಂಗ್ ತಂತಿಯ ಮೇಲಿನ ಪ್ಲಾಸ್ಟಿಕ್ಕಿನ ಹೊದಿಕೆಯೇ ನೀರನ್ನು ತಡೆಯುತ್ತದೆ. ಬೇರಿಂಗಿಗೂ ಅದೇ ನೀರೇ ಎಣ್ಣೆ. ಮೋಟರಿನ ಬುಡದಲ್ಲಿ ಒಂದು ರಬ್ಬರಿನ ಪರದೆ ಇದೆ. ಹೊರಗಿನ ಒತ್ತಡ ಆ ಪರದೆಯನ್ನು ಒತ್ತಿ ಒಳಗೂ ಅಷ್ಟೇ ಒತ್ತಡ ತರುತ್ತದೆ. ಮೋಟರು ಕಾದು ಒಳಗಿನ ನೀರು ಹಿಗ್ಗಿದರೆ ಪರದೆ ಹೊರಕ್ಕೆ ಸರಿದು ಜಾಗ ಕೊಡುತ್ತದೆ. ಒಳಗೂ ಹೊರಗೂ ಹತ್ತು ಬಾರ್ ಇದ್ದಮೇಲೆ ಸೀಲಿನ ಪಾಲಿಗೆ ವ್ಯತ್ಯಾಸ ಸೊನ್ನೆ. ಅದರ ಕೆಲಸ ಈಗ ಮರಳು ಒಳಗೆ ಬರದಂತೆ ನೋಡಿಕೊಳ್ಳುವುದು, ಅಷ್ಟೇ. ಅದಕ್ಕೆ ತೆಳು ತುಟಿ, ಕಡಿಮೆ ಒತ್ತು, ಕಡಿಮೆ ಘರ್ಷಣೆ ಸಾಕು. ಒತ್ತಡ ಸಮ ಮಾಡುವ ಈ ತತ್ವವನ್ನು ಕಳೆದ ಶತಮಾನದ ಮೊದಲ ಭಾಗದಲ್ಲೇ ಎಣ್ಣೆಬಾವಿಗಳ ಮೋಟರಿಗೆ ಬಳಸಿದವರು ಆರ್ಮೈಸ್ ಅರುತುನೋಫ್. ರಷ್ಯಾದಿಂದ ಅಮೆರಿಕಕ್ಕೆ ಹೋಗಿ ರೆಡಾ ಪಂಪು ಕಟ್ಟಿದವರು. ಸೀಲನ್ನು ಬಲಪಡಿಸುವುದಕ್ಕಿಂತ ಅದರ ಮೇಲಿನ ಹೊರೆ ಇಳಿಸುವುದು ಮೇಲು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮರಳಿನ ವಿಷಯಕ್ಕೆ ಬಂದರೆ ನಮ್ಮ ನೆಲ ಕರುಣೆ ತೋರುವುದಿಲ್ಲ. ಕುಷ್ಟಗಿ ಕಡೆಯ ನೆಲದಡಿ ಇರುವುದು ಗ್ರಾನೈಟು, ನೈಸು. ಅದು ಕಳಿತು ಉದುರಿದ ಕಣದಲ್ಲಿ ಬೆಣಚು ತುಂಬಿರುತ್ತದೆ. ಅದಕ್ಕೇ ಶಾಫ್ಟಿನ ಮೇಲೆ, ಸೀಲಿಗಿಂತ ಮೇಲೆ, ಒಂದು ರಬ್ಬರಿನ ಟೋಪಿ ಹಾಕಿರುತ್ತಾರೆ. ಶಾಫ್ಟಿನ ಜೊತೆ ತಿರುಗಿ ಇಳಿದುಬರುವ ಮರಳನ್ನು ಹೊರಗೆ ಎಸೆಯುವುದು ಅದರ ಕೆಲಸ. ರಿಪೇರಿಯಲ್ಲಿ ಹಳೆ ಟೋಪಿಯನ್ನೇ ಮತ್ತೆ ಹಾಕಿ ಕಳಿಸುವುದು ಬೇಡ, ಅದು ಕೆಲವೇ ರೂಪಾಯಿಯ ವಸ್ತು. ಮೆಕ್ಯಾನಿಕಲ್ ಸೀಲು ಹಾಕುವ ಪಂಪುಗಳಲ್ಲಿ ಒಂದರ ಮೇಲೊಂದು ಜಾರುವ ಎರಡು ಮುಖಗಳಿರುತ್ತವೆ. ಒಂದು ಕಾರ್ಬನ್, ಒಂದು ಸೆರಾಮಿಕ್ ಇರುವ ಜೋಡಿ ಶುದ್ಧ ನೀರಿಗೆ ಬಹಳ ಒಳ್ಳೆಯದು, ಘರ್ಷಣೆಯೂ ಕಡಿಮೆ. ಆದರೆ ಮರಳು ನೀರಿನಲ್ಲಿ ಕಣ ಮೆತ್ತನೆಯ ಕಾರ್ಬನ್ನಿನಲ್ಲಿ ಹೂತು, ಎದುರಿನ ಮುಖವನ್ನು ಕೊರೆಯುತ್ತದೆ. ಅಲ್ಲಿ ಎರಡೂ ಮುಖ ಸಿಲಿಕಾನ್ ಕಾರ್ಬೈಡಿನದಿರಬೇಕು; ಬೆಣಚಿಗಿಂತ ಅದು ಎಷ್ಟೋ ಗಟ್ಟಿ. ಒಂದೇ ದೋಷ, ನೀರಿಲ್ಲದೆ ಓಡಿದರೆ ಆ ಜೋಡಿ ಬೇಗ ಬಿರಿಯುತ್ತದೆ. ಬಾವಿ ಬತ್ತುವ ಬೇಸಿಗೆಯಲ್ಲಿ ಡ್ರೈ-ರನ್ ಕಟ್ ಮಾಡುವ ಸ್ವಿಚ್ಚಿಲ್ಲದೆ ಅದನ್ನು ಬಳಸಬಾರದು.

ಹೊಳೆ ನೀರು ಎತ್ತುವ ಕಡೆ ಕಥೆ ಬೇರೆ, ಅಲ್ಲಿ ಹೂಳು. ತುಂಗಭದ್ರಾ ಜಲಾಶಯ ಕಟ್ಟಿದಾಗ ಸಾಮರ್ಥ್ಯ 133 ಟಿಎಂಸಿ. ಈಗಿನ ಲೆಕ್ಕದಲ್ಲಿ 105.788. ಉಳಿದ ಜಾಗ ಹೂಳು ತುಂಬಿದೆ, ಮತ್ತು ಮಳೆಗಾಲದಲ್ಲಿ ಅದೇ ಹೂಳು ನೀರಿನ ಜೊತೆ ಯಂತ್ರಗಳ ಮೂಲಕ ಹಾಯುತ್ತದೆ. ಇಂಥಲ್ಲಿ ದೊಡ್ಡ ಯಂತ್ರಗಳಿಗೆ ಒಂದು ಹಳೆಯ ಉಪಾಯವೇ ಸರಿ: ಸೋಸಿದ ಶುದ್ಧ ನೀರನ್ನು ಹೊರಗಿನ ಒತ್ತಡಕ್ಕಿಂತ ಚೂರು ಹೆಚ್ಚಿನ ಒತ್ತಡದಲ್ಲಿ ಸೀಲಿನ ನಡುವೆ ಬಿಡುವುದು. ಸೋರಿಕೆ ಇರುತ್ತದೆ, ಆದರೆ ಅದು ಒಳಗಿನಿಂದ ಹೊರಗೆ, ನಾವು ಕೊಟ್ಟ ಶುದ್ಧ ನೀರಿನದು. ಹೂಳಿಗೆ ಎದುರು ಹರಿದು ಬರಲು ಆಗುವುದಿಲ್ಲ.

ಸೀಲೇ ಇಲ್ಲದ ಶಾಫ್ಟು ಸಾಧ್ಯವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಿಮ್ಮ ಮನೆಯಲ್ಲೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳದಲ್ಲಿ ಕೂಲರ್ ಇಲ್ಲದೆ ಮಲಗುವವರು ಕಡಿಮೆ. ಅದರ ತಳದ ನೀರಿನಲ್ಲಿ ಮುಳುಗಿರುವ ಪುಟ್ಟ ಪಂಪನ್ನು ಬಿಚ್ಚಿ ನೋಡಿ. ತಿರುಗುವ ಭಾಗ ಒಂದು ಅಯಸ್ಕಾಂತದ ಉರುಳೆ, ಅದು ನೀರಿನಲ್ಲೇ ಇದೆ. ಕರೆಂಟ್ ಹರಿಯುವ ಸುರುಳಿ ಪಕ್ಕದಲ್ಲಿ, ಎಪಾಕ್ಸಿ ಸುರಿದು ಪೂರ್ತಿ ಮುಚ್ಚಿದ ಕೋಣೆಯಲ್ಲಿ. ಎರಡರ ನಡುವೆ ತೂತಿಲ್ಲದ ಪ್ಲಾಸ್ಟಿಕ್ ಗೋಡೆ. ಬಲ ಮಾತ್ರ ಗೋಡೆ ದಾಟುತ್ತದೆ, ಶಾಫ್ಟು ದಾಟುವುದಿಲ್ಲ. ಕೆಮಿಕಲ್ ಕಾರ್ಖಾನೆಗಳ ದೊಡ್ಡ ಪಂಪುಗಳಲ್ಲೂ ಅಯಸ್ಕಾಂತದ ಜೋಡಣೆ ಬಳಸುತ್ತಾರೆ. ಗದ್ದೆಯ ಕೆಲಸಕ್ಕೆ ಇದು ಆಗದು. ಭಾರ ಹೆಚ್ಚಾದರೆ ಅಯಸ್ಕಾಂತಗಳ ಹಿಡಿತ ಜಾರುತ್ತದೆ, ನೀರಿನಲ್ಲಿ ಕಬ್ಬಿಣದ ಪುಡಿ ಇದ್ದರೆ ಅದೆಲ್ಲ ಬಂದು ಅಂಟಿಕೊಳ್ಳುತ್ತದೆ. ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಧೂಳು ಬೀಳುವ ಊರುಗಳವರಿಗೆ ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆ. ಸೀಲಿನ ಕ್ಯಾಟಲಾಗುಗಳಲ್ಲಿರುವ ಆಯುಷ್ಯದ ಅಂಕಿ ಶುದ್ಧ ಎಣ್ಣೆಯಲ್ಲಿ, ನೇರ ಶಾಫ್ಟಿನ ಮೇಲೆ ಪಡೆದದ್ದು. ನಮ್ಮ ಮಣ್ಣಿನಲ್ಲಿ ಪಡೆದ ಅಂಕಿ ನಮಗೆ ಬೇಕು, ಅದನ್ನು ಇಲ್ಲಿಯೇ ಪಡೆಯಬಹುದು. ಒಂದು ಎಚ್‌ಪಿ ಮೋಟರು, 200 ಸುತ್ತಿಗೆ ಇಳಿಸುವ ಗೇರು, ಒಂದು ಡ್ರಮ್ಮಿನಲ್ಲಿ ಕಾರಟಗಿ ಗದ್ದೆಯ ಕೆಸರು, ಅದರಲ್ಲಿ ಕತ್ತರಿಸಿದ ಹುಲ್ಲು. ಶಾಫ್ಟಿನ ಒಂದು ತುದಿ ಕೆಸರಿನಲ್ಲಿ, ಇನ್ನೊಂದು ಬದಿ ಅಳೆದು ತುಂಬಿದ ಎಣ್ಣೆಯ ಪೆಟ್ಟಿಗೆಯಲ್ಲಿ. ಸಾಮಾನ್ಯ ಆಯಿಲ್ ಸೀಲು, ಬೆನ್ನಿಗೆ ಬೆನ್ನಿನ ಜೋಡಿ, ಕ್ಯಾಸೆಟ್ಟು, ಲೋಹದ ಮುಖ, ನಾಲ್ಕನ್ನೂ ಒಂದೊಂದಾಗಿ ನೂರು ನೂರು ತಾಸು ಓಡಿಸಿ. ಪ್ರತಿ ಸಲ ಮೋಟರು ಎಳೆದ ಕರೆಂಟು ಬರೆದಿಡಿ, ಅದು ಘರ್ಷಣೆ. ಓಟ ಮುಗಿದ ಮೇಲೆ ಎಣ್ಣೆಯನ್ನು ಗಾಜಿನ ಜಾಡಿಗೆ ಬಸಿದು ತಳದಲ್ಲಿ ಕೂತ ನೀರನ್ನು ಅಳೆಯಿರಿ, ಅದು ಸೋರಿಕೆ. ನೀರು ಬೇರೆಯಾಗದೆ ನೊರೆಯಾಗಿಯೇ ಉಳಿದಿದ್ದರೆ ಎಣ್ಣೆಯನ್ನು ತೂಗಿ, ನಿಧಾನವಾಗಿ ಕಾಯಿಸಿ ನೀರು ಆರಿಸಿ, ಮತ್ತೆ ತೂಗಿ. ಶಾಫ್ಟಿನ ಮೇಲಿನ ಗೀರಿನ ಆಳವನ್ನು ಡಯಲ್ ಗೇಜಿನಲ್ಲಿ ನೋಡಿ.

ಹುಲ್ಲು ಸುತ್ತುವುದಕ್ಕೆ ಮಾತ್ರ ಈ ನಾಲ್ಕರಲ್ಲಿ ಯಾವುದೂ ಪೂರ್ತಿ ಉತ್ತರವಲ್ಲ. ರೋಟರಿನ ತುದಿಯಲ್ಲಿ, ಸೀಲಿಗೆ ಎರಡು ಬೆರಳಿನಷ್ಟು ಮೊದಲು, ನಿಂತ ಕವಚಕ್ಕೆ ಒಂದು ಹರಿತ ಪಟ್ಟಿ, ತಿರುಗುವ ಶಾಫ್ಟಿಗೆ ಇನ್ನೊಂದು ಕೂಡಿಸಿ, ಸುತ್ತಲು ಬಂದ ಹುಲ್ಲನ್ನು ಅವೆರಡರ ನಡುವೆ ಕತ್ತರಿಸಿ ಹಾಕುವ ವ್ಯವಸ್ಥೆ ಮಾಡಬಹುದು. ಪಟ್ಟಿಗಳ ನಡುವಿನ ಸಂದು ಎಷ್ಟಿರಬೇಕು, ಒದ್ದೆ ಹುಲ್ಲಿಗೆ ಎಷ್ಟು, ಒಣ ಕೂಳೆಗೆ ಎಷ್ಟು, ಪಟ್ಟಿ ಎಷ್ಟು ತಾಸಿಗೆ ಮೊಂಡಾಗುತ್ತದೆ ಎನ್ನುವುದನ್ನೂ ಅದೇ ಡ್ರಮ್ಮಿನಲ್ಲಿ ಓಡಿಸಿ ನೋಡಬಹುದು. ಮುಂದಿನ ನಾಟಿಗೆ ಮೊದಲು ಒಂದು ತಂಡವಾದರೂ ಈ ಕೆಲಸ ಶುರು ಮಾಡಿದರೆ, ಅಳತೆಗಳನ್ನು ಕೂತು ನೋಡಲು ನಾನು ಬರುತ್ತೇನೆ.